ಜೋಳ ಎಂಬ ಒಂದು ಮಾತು, ಅರ್ಥ ಹಲವು

ಊರಿನ ಇತಿಹಾಸ ಬರೆಯುವವರು ಗುಡಿ, ಶಾಸನ, ಕೋಟೆಗಳಿಂದ ಆರಂಭಿಸುವುದು ವಾಡಿಕೆ. ನಮ್ಮ ಸಂಘದ ಬೆಳ್ಳಿಹಬ್ಬದ ಈ ಸಂಚಿಕೆಯಲ್ಲಿ ನಾನು ಜೋಳದಿಂದ ಆರಂಭಿಸುತ್ತೇನೆ. ನಮ್ಮ ಬಾಯಲ್ಲಿ ಅದು 'ಜ್ವಾಳ'. ದಿನಕ್ಕೆ ಹತ್ತು ಸಲ ಆಡುವ ಈ ಮಾತಿನ ಒಳಗೆ ನಮ್ಮ ಹಿರಿಯರ ಊಟ, ದುಡಿಮೆ, ಸಾಲ, ನಿಷ್ಠೆ ಎಲ್ಲವೂ ಅಡಗಿವೆ.

ಮೊದಲು ಮಾತಿನ ನಂಟನ್ನು ನೋಡೋಣ. ನಾವು ಜೋಳ ಅಂದರೆ ತಮಿಳರು ಚೋಳಂ ಅಂತಾರೆ, ತೆಲುಗರು ಜೊನ್ನ ಅಂತಾರೆ. ಬೆಳೆಯ ಮೂಲ ಆಫ್ರಿಕಾ ಖಂಡ. ಆದರೆ ಅದು ನಮ್ಮ ನೆಲಕ್ಕೆ ಬಂದು ಸಾವಿರಾರು ವರ್ಷಗಳೇ ಕಳೆದಿರುವುದರಿಂದ ಈಗ ಅದನ್ನು ಪರದೇಶದ್ದು ಎನ್ನುವವರು ಯಾರೂ ಇಲ್ಲ. ಎರೆಹೊಲದ ಹಸಿಯನ್ನೇ ನಂಬಿ, ಮಳೆ ಹೋದ ಮೇಲೆ ಬರೀ ಇಬ್ಬನಿ-ಚಳಿಯಲ್ಲಿ ತೆನೆ ಕಟ್ಟುವ ಹಿಂಗಾರಿ ಬೆಳೆ ಇದು.

ಒಂದೇ ಹೆಸರಿನಿಂದ ಆಗುವ ಗೊಂದಲವೂ ಉಂಟು. ನಮ್ಮ ಕಡೆ ಜೋಳ ಅಂದರೆ ರೊಟ್ಟಿಯ ಬಿಳಿಜೋಳ. ಮೈಸೂರು ಕಡೆಯವರಿಗೆ ಜೋಳ ಅಂದ ಕೂಡಲೆ ಎಷ್ಟೋ ಸಲ ಕಣ್ಣಿಗೆ ಕಟ್ಟುವುದು ಮುಸುಕಿನ ಜೋಳ. ಅದನ್ನೇ ದಾವಣಗೆರೆ ಕಡೆ ಮೆಕ್ಕೆಜೋಳ, ಧಾರವಾಡ-ಹಾವೇರಿ ಕಡೆ ಗೋವಿನಜೋಳ ಅಂತಾರೆ. ಅದು ಅಮೆರಿಕಾ ಖಂಡದ ಬೆಳೆ. 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋಗಿ ಬಂದ ನಂತರವೇ ಉಳಿದ ಜಗತ್ತಿಗೆ ಪರಿಚಯವಾಯಿತು. ಹೊಸದಾಗಿ ಬಂದ ಧಾನ್ಯಕ್ಕೆ ನಮ್ಮವರು ಹಳೆಯ ಧಾನ್ಯದ ಹೆಸರನ್ನೇ ಕೊಟ್ಟು, ಗುರುತಿಗೆ ಮುಂದೊಂದು ಮಾತು ಸೇರಿಸಿದರು. ಬೀಜ ಕೊಳ್ಳುವಾಗ, ಪೇಟೆಯ ದರ ಕೇಳುವಾಗ ಯಾವ ಜೋಳ ಎಂದು ಬಿಡಿಸಿ ಹೇಳುವುದು ಇದರಿಂದಲೇ ಅಗತ್ಯ.

ಬಿಳಿಜೋಳದಲ್ಲೂ ಬಗೆ ಹಲವು. ಸೊಲ್ಲಾಪುರ ಜಿಲ್ಲೆಯ ಮೋಹೋಳ ಕೇಂದ್ರದಲ್ಲಿ ಮಾಲದಂಡಿ ತಳಿಯಿಂದ ಆರಿಸಿದ ಎಂ 35-1 ಇಂದಿಗೂ ಹಿಂಗಾರಿ ರೈತರ ನೆಚ್ಚಿನದು. 1964ರಲ್ಲಿ ಸಿ.ಎಸ್.ಎಚ್.-1 ಎಂಬ ಹೈಬ್ರಿಡ್ ಜೋಳ ಬಿಡುಗಡೆಯಾಯಿತು. ಇಳುವರಿ ಏನೋ ಹೆಚ್ಚಿತು. ಆದರೆ ರೊಟ್ಟಿಗೆ ಮಾಲದಂಡಿಯ ರುಚಿ ಬರಲಿಲ್ಲ, ದನಗಳಿಗೆ ಉದ್ದನೆಯ ಕಣಕಿಯೂ ಸಿಗಲಿಲ್ಲ ಎಂಬುದು ಹಿರಿಯರ ಮಾತು. ಕಾಳು ಮನುಷ್ಯನಿಗೆ, ಕಣಕಿ ಎತ್ತಿಗೆ. ಎರಡೂ ಸೇರಿದರೇ ನಮಗೆ ಜೋಳದ ಬೆಳೆ.

ಬಳಕೆಯನ್ನು ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ. ಹಸಿ ತೆನೆ ಸುಟ್ಟರೆ ಸೀತನಿ, ಹುರಿದರೆ ನಾಗರ ಪಂಚಮಿಯ ಅಳ್ಳು, ಒಡೆದರೆ ನುಚ್ಚು, ಬೀಸಿದರೆ ರೊಟ್ಟಿ, ಕುದಿಸಿದರೆ ಅಂಬಲಿ. 'ಅಕ್ಕಿ ತಿಂದವ ಹಕ್ಕಿ, ಜೋಳ ತಿಂದವ ತೋಳ' ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಆದರೆ ಜೋಳದ ದೊಡ್ಡ ಅರ್ಥ ಊಟದ್ದಲ್ಲ. ಹಳಗನ್ನಡದಲ್ಲಿ 'ಜೋಳದ ಪಾಳಿ' ಅಥವಾ 'ಜೋಳವಾಳಿ' ಎಂಬ ಮಾತಿದೆ. ಉಂಡ ಜೋಳಕ್ಕೆ ತಕ್ಕಂತೆ ನಡೆಯುವ ಧರ್ಮ, ಅನ್ನ ಹಾಕಿದ ಒಡೆಯನಿಗಾಗಿ ಪ್ರಾಣ ಕೊಡುವ ಕರ್ತವ್ಯ ಎಂದು ಅದರ ಅರ್ಥ. ಹತ್ತನೆಯ ಶತಮಾನದ ಪಂಪನ ಕಾಲದ ವೀರರಿಗೆ ಇದೇ ದೊಡ್ಡ ಮೌಲ್ಯ. ತಾನು ಕುಂತಿಯ ಮಗ ಎಂದು ತಿಳಿದ ಮೇಲೂ ಕರ್ಣ ದುರ್ಯೋಧನನನ್ನು ಬಿಡಲಿಲ್ಲ. ಇಂದು ನಾವು 'ಉಪ್ಪಿನ ಋಣ', 'ಅನ್ನದ ಋಣ' ಅನ್ನುವುದನ್ನೇ ಹಿಂದಿನವರು ಜೋಳದ ಹೆಸರಿನಲ್ಲಿ ಹೇಳಿದರು.

ಈ ಋಣ ಮುಂದೆ ಬೇರೆ ರೂಪ ತಾಳಿತು. ಹಳ್ಳಿಯಲ್ಲಿ ರೊಕ್ಕ ಅಪರೂಪವಾಗಿದ್ದಾಗ ಜೋಳವೇ ರೊಕ್ಕ. ಬಡಿಗ, ಕಂಬಾರರಿಗೆ ಕಣದಲ್ಲಿ ಆಯ ಅಳೆದು ಕೊಡುತ್ತಿದ್ದರು, ಕೂಲಿಯೂ ಜೋಳದಲ್ಲೇ. ಸಾಲವೂ ಹಾಗೆಯೇ. ಹಗೇವು ತುಂಬಿದವನ ಮನೆಗೆ ಬರಿದಾದವನು ಚೀಲ ಹಿಡಿದು ಹೋಗಬೇಕಿತ್ತು. ಸವಾಯಿ ಅಂದರೆ ಒಂದು ಚೀಲಕ್ಕೆ ಒಂದೂಕಾಲು, ದೀಡಿ ಅಂದರೆ ಒಂದೂವರೆ ಚೀಲ ಸುಗ್ಗಿಯಲ್ಲಿ ತಿರುಗಿ ಅಳೆಯಬೇಕು. ಅಂದರೆ ದೀಡಿಯಲ್ಲಿ ಒಂದೇ ಸುಗ್ಗಿಗೆ ನೂರಕ್ಕೆ 50 ಬಡ್ಡಿ! ಮಳೆ ಕೈಕೊಟ್ಟರೆ ಬಡ್ಡಿಯ ಜೋಳಕ್ಕೂ ಬಡ್ಡಿ. ಹೀಗೆ ಎಷ್ಟೋ ಮನೆಗಳ ಹೊಲ ಹೋಯಿತು. ವೀರನನ್ನು ಒಡೆಯನಿಗೆ ಕಟ್ಟಿದ ಜೋಳವೇ ಒಕ್ಕಲಿಗನನ್ನು ಸಾಹುಕಾರನಿಗೆ ಕಟ್ಟಿತು.

ಈ ಕಟ್ಟನ್ನು ಸಡಿಲಿಸಲೆಂದೇ ಸಹಕಾರ ಚಳವಳಿ ಬಂತು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಆಯಿತು. ಮರು ವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ದೇಶದ ಮೊಟ್ಟಮೊದಲ ಕೃಷಿ ಸಹಕಾರ ಸಂಘಗಳಲ್ಲಿ ಅದೂ ಒಂದು. ಅದು ಹುಟ್ಟಿದ್ದು ಜೋಳ, ಹತ್ತಿ ಬೆಳೆಯುವ ಎರೆಸೀಮೆಯಲ್ಲಿ ಎಂಬುದು ನಮಗೆ ಹೆಮ್ಮೆ.

ಸಂಘದ ಸಾಲಕ್ಕೂ ಸಾಹುಕಾರನ ಸಾಲಕ್ಕೂ ಏನು ಅಂತರ? ಬಡ್ಡಿ ಕಡಿಮೆ ಎಂಬುದಷ್ಟೇ ಅಲ್ಲ. ಇಲ್ಲಿ ಒಡೆಯ ಬೇರೆ ಇಲ್ಲ. ಕೊಡುವವರೂ ನಾವೇ, ಪಡೆಯುವವರೂ ನಾವೇ. ಹಾಗೆಂದು ಜೋಳವಾಳಿ ಮುಗಿಯಿತು ಎಂದು ತಿಳಿಯಬಾರದು. ಅದೀಗ ಒಬ್ಬ ಒಡೆಯನಿಗೆ ಸಲ್ಲಬೇಕಾದದ್ದಲ್ಲ, ಪಕ್ಕದ ಹೊಲದವನಿಗೆ ಸಲ್ಲಬೇಕಾದದ್ದು. ನಾನು ಸಾಲದ ಕಂತು ಕಟ್ಟದೆ ಉಳಿದರೆ ಮುಂದಿನ ಬಿತ್ತನೆಗೆ ಬರಿಗೈಯಲ್ಲಿ ನಿಲ್ಲುವವನು ನನ್ನ ನೆರೆಯವನೇ. 'ಉಂಡ ಮನೆಗೆ ಎರಡು ಬಗೆಯಬೇಡ' ಎಂದು ಹಿರಿಯರು ಹೇಳಿದ ಮಾತು ಸಂಘದ ಲೆಕ್ಕದ ಪುಸ್ತಕಕ್ಕೂ ಒಪ್ಪುತ್ತದೆ.

2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿತು. ಬಡವರ ಊಟ ಎನಿಸಿದ್ದ ಜೋಳಕ್ಕೆ ಈಗ ಪಟ್ಟಣಗಳಲ್ಲಿ ಮರ್ಯಾದೆ. ಸಂತೋಷವೇ. ಆದರೆ ಹಗೇವು, ಆಯ, ಸವಾಯಿ, ದೀಡಿ ಎಂಬ ಮಾತುಗಳು ಇಂದಿನ ಹುಡುಗರಿಗೆ ತಿಳಿಯದಾಗುತ್ತಿವೆ. ಮನೆಯಲ್ಲಿ ಹಿರಿಯರಿದ್ದರೆ ಕೇಳಿ ಬರೆದಿಡಿ. ಆ ಮಾತುಗಳ ಅರ್ಥ ತಿಳಿದವನಿಗೆ ಸಂಘ ಏಕೆ ಬೇಕು ಎಂಬುದನ್ನು ಬೇರೆ ಹೇಳಿಕೊಡಬೇಕಿಲ್ಲ.

ಜೋಳವಾಳಿ ನಮ್ಮ ನಮ್ಮಲ್ಲಿ ಬಾಳಲಿ, ಸಂಘ ಸುವರ್ಣ ಮಹೋತ್ಸವ ಕಾಣಲಿ.