ಉಪ್ಪಿಗೆ ಬಾಗಿಲು ತೆರೆದ ಸಕ್ಕರೆ

ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಜೀವಕೋಶದ ಪಾಠ ಬರುತ್ತದೆ. ಈರುಳ್ಳಿಯ ತೆಳು ಸಿಪ್ಪೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಹಾಕಿ ಉಬ್ಬಿಸುವುದು, ಅದನ್ನೇ ಗಟ್ಟಿ ಸಕ್ಕರೆ ನೀರಿಗೆ ಹಾಕಿ ಮುದುಡಿಸುವುದು ನಮ್ಮ ಶಾಲೆಯ ಬಹುಪಾಲು ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಪರೀಕ್ಷೆಯಲ್ಲಿ ‘ಕೋಶಪೊರೆ ಎಂದರೇನು?’ ಎಂದು ಎರಡು ಅಂಕದ ಪ್ರಶ್ನೆ. ಬರೆದು ಮುಗಿಸಿದ ಮೇಲೆ ಅದರ ಗೊಡವೆ ಯಾರಿಗೂ ಇಲ್ಲ. ಆದರೆ ಆ ಎರಡು ಅಂಕದ ಉತ್ತರಕ್ಕೆ ಇನ್ನೂರೈವತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಆ ಇತಿಹಾಸ ಬಂದು ಸೇರಿರುವುದು ಪ್ರಯೋಗಾಲಯಕ್ಕಲ್ಲ, ವಾಂತಿಭೇದಿಯಿಂದ ಬಳಲುವ ಮಗುವಿನ ತುಟಿಗೆ ತಾಯಿ ಹಿಡಿಯುವ ಲೋಟಕ್ಕೆ.

1748ರಲ್ಲಿ ಫ್ರಾನ್ಸಿನ ನೊಲೆ ಎಂಬ ಪಾದ್ರಿ ಮದ್ಯಸಾರ ತುಂಬಿದ ಪಾತ್ರೆಯ ಬಾಯಿಗೆ ಹಂದಿಯ ಮೂತ್ರಕೋಶದ ಪೊರೆ ಕಟ್ಟಿ ನೀರಿನಲ್ಲಿ ಮುಳುಗಿಸಿಟ್ಟರು. ಸ್ವಲ್ಪ ಹೊತ್ತಿಗೆ ಪೊರೆ ಉಬ್ಬಿ ನಿಂತಿತು. ಹೊರಗಿನ ನೀರು ಒಳಗೆ ಹೋಗಿತ್ತು, ಒಳಗಿನ ಮದ್ಯಸಾರ ಅದೇ ಸಲೀಸಿನಲ್ಲಿ ಹೊರಗೆ ಬಂದಿರಲಿಲ್ಲ. ನಾವು ಇಂದು ಅಭಿಸರಣೆ ಎಂದು ಕರೆಯುವುದರ ಮೊದಲ ದಾಖಲೆ ಇದು. ಜೀವಕೋಶದ ಸುತ್ತಲೂ ಇಂಥದೇ ಒಂದು ಪೊರೆ ಇರಬೇಕೆಂಬ ಊಹೆ ಬಲವಾಗಲು ಮತ್ತೆ ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು.

ಆ ಪೊರೆ ಯಾವುದರಿಂದ ಆಗಿದೆ? 1890ರ ದಶಕದಲ್ಲಿ ಜ್ಯೂರಿಕ್‌ನಲ್ಲಿದ್ದ ಅರ್ನೆಸ್ಟ್ ಓವರ್‌ಟನ್ ನೂರಾರು ವಸ್ತುಗಳನ್ನು ಒಂದೊಂದಾಗಿ ಸಸ್ಯಕೋಶಗಳ ಮೇಲೆ ಪರೀಕ್ಷಿಸಿದರು. ಎಣ್ಣೆಯಲ್ಲಿ ಕರಗುವಂಥವು ಕೋಶದೊಳಕ್ಕೆ ಬೇಗ ನುಗ್ಗಿದವು. ಉಪ್ಪು, ಸಕ್ಕರೆಯಂಥವು ಹೊರಗೇ ಉಳಿದವು. ಹಾಗಾದರೆ ಪೊರೆ ಜಿಡ್ಡಿನದು ಎಂದು ಅವರು ತೀರ್ಮಾನಿಸಿದರು. ಪೊರೆಯನ್ನು ಕಣ್ಣಿನಿಂದ ಕಾಣದೆ, ಏನು ಒಳಗೆ ಹೋಯಿತು ಏನು ಹೋಗಲಿಲ್ಲ ಎಂಬುದರಿಂದಲೇ ಅದರ ಗುಣ ಹೇಳಿದ್ದು ದೊಡ್ಡ ಮಾತು.

1925ರಲ್ಲಿ ಹಾಲೆಂಡಿನ ಲೈಡೆನ್‌ನಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಇನ್ನೊಂದು ಹೆಜ್ಜೆ ಇಟ್ಟರು. ಸಸ್ತನಿಗಳ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರವಿಲ್ಲ, ಒಳಗೆ ಬೇರೆ ಪೊರೆಗಳೂ ಇಲ್ಲ. ಅದರ ಜಿಡ್ಡೆಲ್ಲ ಹೊರಪೊರೆಯದೇ. ಆ ಜಿಡ್ಡನ್ನು ತೆಗೆದು ನೀರಿನ ಮೇಲೆ ಒಂದೇ ಪದರವಾಗಿ ಹರಡಿದಾಗ ರಕ್ತಕಣಗಳ ಮೇಲ್ಮೈಯ ಎರಡರಷ್ಟು ಜಾಗ ತುಂಬಿತು. ಅಂದರೆ ಪೊರೆಯಲ್ಲಿರುವುದು ಎರಡು ಪದರ. ತಮಾಷೆಯೆಂದರೆ ಅವರ ಲೆಕ್ಕದಲ್ಲಿ ಎರಡು ತಪ್ಪುಗಳಿದ್ದವು. ಜಿಡ್ಡು ಪೂರ್ತಿ ಹೊರಬಂದಿರಲಿಲ್ಲ, ರಕ್ತಕಣದ ಮೇಲ್ಮೈಯನ್ನೂ ಕಡಿಮೆ ಎಣಿಸಿದ್ದರು. ಒಂದು ತಪ್ಪು ಇನ್ನೊಂದನ್ನು ಸರಿದೂಗಿಸಿ ಉತ್ತರ ಮಾತ್ರ ಸರಿಯಾಗಿ ಬಂತು! ಗಣಿತದ ಮೇಷ್ಟ್ರು ಇದಕ್ಕೆ ಅಂಕ ಕೊಡುತ್ತಿರಲಿಲ್ಲ.

ಈ ಜಿಡ್ಡಿನ ಕಣಗಳ ತಲೆಗೆ ನೀರು ಹಿಡಿಸುತ್ತದೆ, ಬಾಲಕ್ಕೆ ಹಿಡಿಸದು. ಆದ್ದರಿಂದ ಎರಡು ಸಾಲಿನ ಬಾಲಗಳು ಒಳಮುಖವಾಗಿ, ತಲೆಗಳು ಹೊರಮುಖವಾಗಿ ನಿಲ್ಲುತ್ತವೆ. ಪೊರೆ ಎಷ್ಟು ತೆಳುವೆಂದರೆ ಹತ್ತು ಸಾವಿರಕ್ಕೂ ಹೆಚ್ಚನ್ನು ಒಂದರ ಮೇಲೊಂದು ಪೇರಿಸಿದರೆ ಈ ಸಂಚಿಕೆಯ ಒಂದು ಹಾಳೆಯಷ್ಟು ದಪ್ಪವಾದೀತು. ಆದರೂ ಉಪ್ಪಿನ ಸೋಡಿಯಂ ಅದನ್ನು ತಾನಾಗಿ ದಾಟಲಾರದು, ಏಕೆಂದರೆ ಅದು ವಿದ್ಯುದಂಶ ಹೊತ್ತ ಕಣ. ಸಕ್ಕರೆಯದೂ ಅದೇ ಪಾಡು. ಅವಕ್ಕೆ ಬಾಗಿಲು ಬೇಕು. ಪೊರೆಯಲ್ಲಿ ಅಲ್ಲಲ್ಲಿ ಸೇರಿಕೊಂಡಿರುವ ಪ್ರೋಟೀನುಗಳೇ ಆ ಬಾಗಿಲುಗಳು. ಡೆನ್ಮಾರ್ಕಿನ ಜೆನ್ಸ್ ಸ್ಕೌ 1957ರಲ್ಲಿ ಏಡಿಯ ನರಗಳಲ್ಲಿ ಕೋಶದೊಳಗಿನ ಸೋಡಿಯಂ ಅನ್ನು ಶಕ್ತಿ ಖರ್ಚು ಮಾಡಿ ಹೊರಹಾಕುವ ‘ಪಂಪ್’ ಕಂಡುಹಿಡಿದರು. ಅದಕ್ಕೆ ನೊಬೆಲ್ ಬಂದದ್ದು ನಲವತ್ತು ವರ್ಷಗಳ ನಂತರ, 1997ರಲ್ಲಿ.

ಇನ್ನು ಕಾಲರಾ ವಿಷಯಕ್ಕೆ ಬರೋಣ. ನಮ್ಮ ಹಿರಿಯರ ಬಾಯಲ್ಲಿ ಅದು ವಾಂತಿಭೇದಿ. ರೋಗ ಜೋರಾದಾಗ ಗಂಟೆಗೆ ಲೀಟರಿನಷ್ಟು ನೀರು ಮೈಯಿಂದ ಹೋಗುತ್ತದೆ. ಬೆಳಿಗ್ಗೆ ಗಟ್ಟಿಮುಟ್ಟಾಗಿದ್ದವರು ಸಂಜೆಗೆ ಇಲ್ಲ. ರಕ್ತ ನೀರನ್ನೂ ಉಪ್ಪನ್ನೂ ಕಳೆದುಕೊಳ್ಳುತ್ತದೆ ಎಂದು 1831ರ ಸುಮಾರಿಗೇ ಇಂಗ್ಲೆಂಡಿನಲ್ಲಿ ತೋರಿಸಿದವರು ಒ’ಶಾಗ್ನೆಸಿ ಎಂಬ ತರುಣ ವೈದ್ಯರು. ಇವರೇ ಮುಂದೆ ಭಾರತಕ್ಕೆ ಬಂದು ತಂತಿ ಸಾಲುಗಳನ್ನು ಹಾಕಿಸಿದವರು. ಮರುವರ್ಷ ಥಾಮಸ್ ಲಾಟಾ ಎಂಬ ವೈದ್ಯರು ರಕ್ತನಾಳಕ್ಕೆ ಉಪ್ಪುನೀರು ಹರಿಸಿ ಕೆಲವರನ್ನು ಉಳಿಸಿದರು. ಆದರೆ ಬಾಯಿಂದ ಉಪ್ಪುನೀರು ಕುಡಿಸಿದರೆ ಪ್ರಯೋಜನವಾಗುತ್ತಿರಲಿಲ್ಲ. ಕುಡಿದದ್ದು ಕುಡಿದ ಹಾಗೇ ಭೇದಿಯಲ್ಲಿ ಹೋಗುತ್ತಿತ್ತು. ಕರುಳು ಪೂರ್ತಿ ಕೆಟ್ಟಿದೆ, ಅದಕ್ಕೆ ವಿಶ್ರಾಂತಿ ಕೊಡಬೇಕು ಎಂದೇ ವೈದ್ಯರು ನಂಬಿದ್ದರು. ಭೇದಿಯಾದ ಮಗುವಿಗೆ ನೀರು ಕೊಡಬೇಡಿ ಎನ್ನುವ ಮಾತು ಈಗಲೂ ಕೆಲವು ಮನೆಗಳಲ್ಲಿ ಕೇಳಿಬರುತ್ತದೆ.

1959ರಲ್ಲಿ ಕಲ್ಕತ್ತಾದ ಶಂಭುನಾಥ್ ದೇ ಮೊಲದ ಕರುಳಿನ ಮೇಲೆ ಪ್ರಯೋಗ ಮಾಡಿ, ಕಾಲರಾ ಕ್ರಿಮಿ ಬಿಡುವ ಒಂದು ವಿಷವೇ ಕರುಳು ನೀರು ಸುರಿಸಲು ಕಾರಣವೆಂದು ತೋರಿಸಿದರು. ಕರುಳಿನ ಗೋಡೆ ಹರಿದುಹೋಗಿರುವುದಿಲ್ಲ. ಕ್ಲೋರೈಡ್ ಹೊರಹೋಗುವ ಬಾಗಿಲನ್ನು ವಿಷ ತೆರೆದಿಟ್ಟುಬಿಡುತ್ತದೆ, ಅದರ ಹಿಂದೆ ಸೋಡಿಯಂ, ನೀರು ಸುರಿಯುತ್ತವೆ ಎಂಬ ವಿವರ ಮುಂದೆ ಗೊತ್ತಾಯಿತು. ಸಾಧಾರಣ ಸಲಕರಣೆಗಳಿಂದ ಇಷ್ಟು ದೊಡ್ಡ ಸಂಗತಿ ಕಂಡುಹಿಡಿದ ದೇ ಅವರಿಗೆ ಬದುಕಿದ್ದಾಗ ಸಿಗಬೇಕಾದ ಮನ್ನಣೆ ನಮ್ಮ ದೇಶದಲ್ಲಿ ಸಿಗಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಮರುವರ್ಷ, 1960ರ ಆಗಸ್ಟ್‌ನಲ್ಲಿ, ಪ್ರಾಗ್ ನಗರದ ಒಂದು ವಿಜ್ಞಾನ ಸಭೆಯಲ್ಲಿ ಅಮೆರಿಕದ ರಾಬರ್ಟ್ ಕ್ರೇನ್ ಹೊಸ ವಿಚಾರವೊಂದನ್ನು ಮಂಡಿಸಿದರು. ಕರುಳಿನ ಕೋಶಪೊರೆಯಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಬಂದರೆ ಮಾತ್ರ ಒಳಬಿಡುವ ಒಂದು ಬಾಗಿಲಿದೆ ಎಂಬುದು ಅದರ ಸಾರ. ಗಂಡಹೆಂಡಿರು ಜೋಡಿಯಾಗಿ ಬಂದರೆ ಮಾತ್ರ ಪೂಜೆಗೆ ಕೂರಿಸುವ ಹಾಗೆ! ಪಂಪು ಸೋಡಿಯಂ ಅನ್ನು ಹೊರಹಾಕುತ್ತಲೇ ಇರುವುದರಿಂದ ಕೋಶದೊಳಗೆ ಅದು ಕಡಿಮೆ; ಹೊರಗಿನ ಸೋಡಿಯಂ ಒಳನುಗ್ಗಲು ಕಾದಿರುತ್ತದೆ. ಸಕ್ಕರೆ ಜೊತೆಯಾದೊಡನೆ ಎರಡೂ ಒಳಸೇರುತ್ತವೆ. ಅವೆರಡು ಹೋದ ಕಡೆಗೆ ನೀರು ಅಭಿಸರಣೆಯಿಂದ ಹಿಂಬಾಲಿಸುತ್ತದೆ. ಕಾಲರಾ ವಿಷ ಈ ಬಾಗಿಲನ್ನು ಮುಟ್ಟುವುದಿಲ್ಲ. ಬರೀ ಉಪ್ಪುನೀರು ಯಾಕೆ ಸೋತಿತ್ತು ಎಂಬುದಕ್ಕೆ ಉತ್ತರ ಇಲ್ಲಿತ್ತು.

ಇದು ಗೊತ್ತಾಗುವ ಮೊದಲೇ, 1953ರಲ್ಲಿ, ಕಲ್ಕತ್ತಾದ ಹೇಮೇಂದ್ರನಾಥ್ ಚಟರ್ಜಿ ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿ ಕಾಲರಾ ರೋಗಿಗಳನ್ನು ಗುಣಪಡಿಸಿದ್ದಾಗಿ ಪ್ರಕಟಿಸಿದ್ದರು. ಹೋಲಿಸಿ ನೋಡಲು ಬೇರೆ ರೋಗಿಗಳ ಗುಂಪು ಅವರ ಬಳಿ ಇರಲಿಲ್ಲವಾದ್ದರಿಂದ ಯಾರೂ ಕಿವಿಗೊಡಲಿಲ್ಲ. 1968ರಲ್ಲಿ ಢಾಕಾದ ಕಾಲರಾ ಸಂಶೋಧನಾ ಕೇಂದ್ರದ ಡೇವಿಡ್ ನಲಿನ್ ಮತ್ತು ರಿಚರ್ಡ್ ಕ್ಯಾಶ್ ಕ್ರಮಬದ್ಧವಾಗಿ ಪರೀಕ್ಷಿಸಿದರು. ಗ್ಲೂಕೋಸ್-ಉಪ್ಪಿನ ನೀರು ಕುಡಿದವರಿಗೆ ಡ್ರಿಪ್‌ನ ಅಗತ್ಯ ಶೇಕಡಾ 80ರಷ್ಟು ಇಳಿಯಿತು. ಆದರೂ ಆಸ್ಪತ್ರೆಯ ಹೊರಗೆ, ನರ್ಸುಗಳಿಲ್ಲದ ಕಡೆ ಇದು ನಡೆಯುತ್ತದೆಂದು ದೊಡ್ಡ ವೈದ್ಯರು ಒಪ್ಪಲಿಲ್ಲ.

ಒಪ್ಪಿಸಿದ್ದು 1971. ಬಾಂಗ್ಲಾ ಯುದ್ಧದ ಆ ವರ್ಷ ಸುಮಾರು ಒಂದು ಕೋಟಿ ನಿರಾಶ್ರಿತರು ಗಡಿ ದಾಟಿ ಭಾರತಕ್ಕೆ ಬಂದರು. ಪಶ್ಚಿಮ ಬಂಗಾಳದ ಬನಗಾಂವ್ ಎಂಬ ಗಡಿ ಪಟ್ಟಣದಲ್ಲಿ ಕಾಲರಾ ಹಬ್ಬಿತು. ಮಕ್ಕಳ ವೈದ್ಯ ದಿಲೀಪ್ ಮಹಲನಬಿಸ್ ಅಲ್ಲಿಗೆ ಹೋದಾಗ ಆಸ್ಪತ್ರೆಯ ಎರಡು ಕೋಣೆಗಳ ನೆಲದ ತುಂಬ ರೋಗಿಗಳು. ಡ್ರಿಪ್ ಹಾಕಬೇಕೆಂದರೆ ಮಲ, ವಾಂತಿಯ ನಡುವೆಯೇ ಮಂಡಿಯೂರಬೇಕಿತ್ತು. ಡ್ರಿಪ್ ಬಾಟಲಿಗಳು ಮುಗಿಯುತ್ತ ಬಂದವು. ಬೇರೆ ದಾರಿಯಿಲ್ಲದೆ ಅವರು ಬಾಯಿಂದ ಕುಡಿಸುವ ನೀರನ್ನೇ ನಂಬಿದರು. ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಕಲ್ಕತ್ತಾದಲ್ಲಿ ಇವನ್ನು ತೂಗಿ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ, ಚೀಲದ ಬಾಯನ್ನು ಇಸ್ತ್ರಿಪೆಟ್ಟಿಗೆಯಿಂದ ಬೆಸೆದು ಕಳಿಸುತ್ತಿದ್ದರು. ಶಿಬಿರದಲ್ಲಿ ನಲ್ಲಿಯಿರುವ ಡ್ರಮ್ಮುಗಳಲ್ಲಿ ಕಲಸಿಟ್ಟು, ರೋಗಿಯ ಅಮ್ಮನೋ ಅಣ್ಣನೋ ಲೋಟದಲ್ಲಿ ಹಿಡಿದು ಕುಡಿಸುವಂತೆ ಹೇಳಿಕೊಟ್ಟರು. ಇದು ಎರಡನೇ ದರ್ಜೆಯ ಚಿಕಿತ್ಸೆ ಎಂಬ ಅನುಮಾನ ಬಾರದಿರಲೆಂದು ಅದಕ್ಕೆ ‘ಬಾಯಿಯ ಸಲೈನ್’ ಎಂದೇ ಹೆಸರಿಟ್ಟರು. ಖರ್ಚು ಲೀಟರಿಗೆ 11 ಪೈಸೆ. ಅದಕ್ಕೆ ಮುಂಚೆ ನೂರಕ್ಕೆ ಮೂವತ್ತು ಮಂದಿ ಸಾಯುತ್ತಿದ್ದರು. ಎಂಟು ವಾರಗಳಲ್ಲಿ ಮೂರು ಸಾವಿರದ ಏಳುನೂರರಷ್ಟು ರೋಗಿಗಳನ್ನು ನೋಡಿದ ಆ ಕೇಂದ್ರದಲ್ಲಿ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು. 2022ರಲ್ಲಿ ತೀರಿಕೊಂಡ ಮಹಲನಬಿಸ್ ಅವರಿಗೆ ಮರುವರ್ಷ ಮರಣೋತ್ತರವಾಗಿ ಪದ್ಮವಿಭೂಷಣ ಬಂತು.

ಜಿಡ್ಡಿನ ಎರಡು ಪದರಗಳಲ್ಲಿ ಪ್ರೋಟೀನುಗಳು ತೇಲಾಡುತ್ತಿರುತ್ತವೆ ಎಂಬ, ಇಂದಿನ ಪಠ್ಯಪುಸ್ತಕಗಳ ಪ್ರಸಿದ್ಧ ಚಿತ್ರವನ್ನು ಸಿಂಗರ್ ಮತ್ತು ನಿಕಲ್ಸನ್ ಪ್ರಕಟಿಸಿದ್ದು 1972ರಲ್ಲಿ, ಬನಗಾಂವ್‌ನ ಮರುವರ್ಷ.

ಬಾಂಗ್ಲಾದೇಶದಲ್ಲಿ ಬ್ರ್ಯಾಕ್ ಸಂಸ್ಥೆಯ ಹೆಣ್ಣುಮಕ್ಕಳು 1980ರಿಂದ ಹತ್ತು ವರ್ಷ ಮನೆಮನೆಗೂ ಹೋಗಿ ಒಂದು ಕೋಟಿಗೂ ಹೆಚ್ಚು ಕುಟುಂಬಗಳಿಗೆ ಇದನ್ನು ಕಲಿಸಿದರು. ಗ್ಲೂಕೋಸ್ ಎಲ್ಲಿಂದ ತರುವುದು? ಅರ್ಧ ಸೇರು ನೀರಿಗೆ ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ. ಬೆಲ್ಲದ ಸಕ್ಕರೆ ಕರುಳಿನಲ್ಲಿ ಒಡೆದು ಗ್ಲೂಕೋಸ್ ಕೊಡುತ್ತದೆ, ಬಾಗಿಲು ತೆರೆಯುತ್ತದೆ. ತಾಯಂದಿರು ಎಷ್ಟು ನೆನಪಿಟ್ಟುಕೊಂಡಿದ್ದಾರೆ ಎಂದು ನೋಡಿ ಕಲಿಸಿದವರಿಗೆ ಸಂಬಳ ಕೊಡುತ್ತಿದ್ದರಂತೆ. ಶಿಕ್ಷಕರಾದ ನಮಗೆ ಈ ಪದ್ಧತಿ ಬಾರದಿರಲಿ!

ನಮ್ಮ ಊರುಗಳಲ್ಲಿ ಭೇದಿಯಾದರೆ ‘ಒಂದು ಗ್ಲೂಕೋಸ್ ಹಾಕಿಸಿಬಿಡಿ’ ಎನ್ನುವುದು ವಾಡಿಕೆ. ಮಗು ಮಂಪರಾಗಿದ್ದರೆ, ಕುಡಿಯಲಾರದಿದ್ದರೆ ಡ್ರಿಪ್ ಬೇಕೇ ಬೇಕು, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಕುಡಿಯಬಲ್ಲ ಮಗುವಿಗೆ ಓಆರ್‌ಎಸ್ ಸಾಕಾಗುವುದೇ ಹೆಚ್ಚು. ಅಂಗನವಾಡಿಯಲ್ಲಿ, ಆಶಾ ಕಾರ್ಯಕರ್ತೆಯರ ಬಳಿ ಈ ಪೊಟ್ಟಣ ಸಿಗುತ್ತದೆ. ಲೀಟರಿನ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಶುದ್ಧ ನೀರಿಗೇ ಹಾಕಬೇಕು. ಅರ್ಧ ಲೀಟರಿಗೆ ಕಲಸಿದರೆ, ರುಚಿಗೆಂದು ಇನ್ನಷ್ಟು ಸಕ್ಕರೆ ಸೇರಿಸಿದರೆ, ಗಟ್ಟಿ ಸಕ್ಕರೆ ನೀರಿನಲ್ಲಿ ಒಣದ್ರಾಕ್ಷಿ ಮುದುಡಿದ ಹಾಗೆ ಕರುಳಿನ ಕೋಶಗಳಿಂದಲೇ ನೀರು ಹೊರಬಂದು ಭೇದಿ ಹೆಚ್ಚುತ್ತದೆ. ಈ ಕಾರಣಕ್ಕೇ 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಳೆಯ ಪ್ರಮಾಣವನ್ನು ತಿಳಿಯಾಗಿಸಿತು. ಈಗ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು 2.6 ಗ್ರಾಂ, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸೋಡಿಯಂ ಸಿಟ್ರೇಟ್ 2.9 ಗ್ರಾಂ. ಪೊಟ್ಟಣದ ಹಿಂಬದಿಯಲ್ಲಿ ಈ ಲೆಕ್ಕ ಅಚ್ಚಾಗಿರುತ್ತದೆ, ಓದಿ ನೋಡಬಹುದು.