ಜರ್ಮನ್ ವಿಶ್ವವಿದ್ಯಾಲಯಗಳಿಗೆ ವಿದೇಶಿ ವಿದ್ಯಾರ್ಥಿಗಳ ಪ್ರವೇಶ

ಜರ್ಮನ್ ವಿಶ್ವವಿದ್ಯಾಲಯಗಳಿಗೆ ವಿದೇಶಿ ವಿದ್ಯಾರ್ಥಿಗಳ ಪ್ರವೇಶ ಎಂಬುದು ಜರ್ಮನಿಯ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಪದವಿ, ಸ್ನಾತಕೋತ್ತರ ಅಥವಾ ಸಂಶೋಧನಾ ವ್ಯಾಸಂಗ ಮಾಡಬಯಸುವ ಅನ್ಯದೇಶೀಯರು ಅನುಸರಿಸಬೇಕಾದ ಅರ್ಜಿ, ಪರಿಶೀಲನೆ ಮತ್ತು ವೀಸಾ ಕ್ರಮಗಳ ಒಟ್ಟು ಹೆಸರು. 2022–23ರ ಚಳಿಗಾಲದ ಸೆಮಿಸ್ಟರ್‌ನಿಂದ ಜರ್ಮನಿಯ ವಿದೇಶಿ ವಿದ್ಯಾರ್ಥಿಗಳಲ್ಲಿ ಭಾರತೀಯರದೇ ಅತಿ ದೊಡ್ಡ ಸಮೂಹವಾಗಿದೆ. 2023–24ರಲ್ಲಿ ಅವರ ಸಂಖ್ಯೆ ಸುಮಾರು 49,000 ಇತ್ತು. ಕರ್ನಾಟಕದ ವಿದ್ಯಾರ್ಥಿಗಳಲ್ಲಿ ಅನೇಕರ ಸಿದ್ಧತೆ ಬೆಂಗಳೂರಿನ ಇಂದಿರಾನಗರದಲ್ಲಿರುವ ಮ್ಯಾಕ್ಸ್ ಮುಲ್ಲರ್ ಭವನದ ಭಾಷಾ ತರಗತಿಗಳಿಂದ ಆರಂಭವಾಗುತ್ತದೆ. ಬೋಧನಾ ಶುಲ್ಕವಿಲ್ಲವೆಂಬುದು ಈ ವ್ಯವಸ್ಥೆಯ ಪ್ರಸಿದ್ಧ ಗುಣವಾದರೂ, ಪ್ರವೇಶವನ್ನು ಮೊದಲು ನಿರ್ಧರಿಸುವುದು ಅಭ್ಯರ್ಥಿಯ ಸ್ವದೇಶದ ಪ್ರಮಾಣಪತ್ರಕ್ಕೆ ಅಲ್ಲಿ ದೊರೆಯುವ ಮಾನ್ಯತೆ.

ಹಿನ್ನೆಲೆ

ಕನ್ನಡ ನಾಡಿಗೂ ಜರ್ಮನ್ ವಿದ್ವತ್ತಿಗೂ ಇರುವ ಸಂಬಂಧ ಹಳೆಯದು. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಟ್ಯೂಬಿಂಗನ್‌ನಲ್ಲಿ ಓದಿದವರು. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಫರ್ಡಿನೆಂಡ್ ಕಿಟ್ಟೆಲ್ ಅವರಿಗೆ ಅದೇ ವಿಶ್ವವಿದ್ಯಾಲಯ 1896ರಲ್ಲಿ ಡಾಕ್ಟರೇಟ್ ನೀಡಿ ಗೌರವಿಸಿತು. ಅಂದು ವಿದ್ವಾಂಸರು ಅಲ್ಲಿಂದ ಇಲ್ಲಿಗೆ ಬಂದರು. ಇಂದು ವಿದ್ಯಾರ್ಥಿಗಳು ಇಲ್ಲಿಂದ ಅಲ್ಲಿಗೆ ಹೋಗುತ್ತಿದ್ದಾರೆ.

ಜರ್ಮನಿಯ ಸಾಂಸ್ಕೃತಿಕ ಸಂಸ್ಥೆಯಾದ ಗೊಯ್ಥೆ ಇನ್‌ಸ್ಟಿಟ್ಯೂಟ್‌ನ ಭಾರತೀಯ ಶಾಖೆಗಳಿಗೆ ಸಂಸ್ಕೃತ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಅವರ ಹೆಸರಿದೆ. ಬೆಂಗಳೂರಿನ ಶಾಖೆ ಇಂದಿರಾನಗರದ ಚಿನ್ಮಯ ಮಿಷನ್ ಆಸ್ಪತ್ರೆ ರಸ್ತೆಯಲ್ಲಿದೆ. ಇಲ್ಲಿ ಜರ್ಮನ್ ಭಾಷೆಯ ತರಗತಿಗಳೂ ಪರೀಕ್ಷೆಗಳೂ ನಡೆಯುತ್ತವೆ.

ಅರ್ಹತೆ

ಪದವಿ ವ್ಯಾಸಂಗಕ್ಕೆ

ಜರ್ಮನ್ ವಿದ್ಯಾರ್ಥಿಯು ವಿಶ್ವವಿದ್ಯಾಲಯವನ್ನು ಸೇರುವುದು 'ಅಬಿಟೂರ್' ಎಂಬ ಶಾಲಾಂತ್ಯ ಪರೀಕ್ಷೆಯ ಬಲದಿಂದ. ಕರ್ನಾಟಕದ ದ್ವಿತೀಯ ಪಿಯುಸಿಯಾಗಲಿ, ಕೇಂದ್ರೀಯ ಮಂಡಲಿಯ ಹನ್ನೆರಡನೆಯ ತರಗತಿಯಾಗಲಿ ಸಾಮಾನ್ಯವಾಗಿ ತಾನೊಂದೇ ಅದಕ್ಕೆ ಸಮವೆನಿಸುವುದಿಲ್ಲ. ಆದ್ದರಿಂದ ಪಿಯುಸಿ ಮುಗಿಸಿದವರ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ:

• ಮಾನ್ಯತೆ ಪಡೆದ ಭಾರತೀಯ ಸಂಸ್ಥೆಯೊಂದರಲ್ಲಿ ಪದವಿಯ ಮೊದಲ ವರ್ಷವನ್ನು ಯಶಸ್ವಿಯಾಗಿ ಮುಗಿಸಿ, ಅದೇ ಅಥವಾ ಅದಕ್ಕೆ ಹತ್ತಿರದ ವಿಷಯಕ್ಕೆ ಅರ್ಜಿ ಸಲ್ಲಿಸುವುದು.
• ಜೆಇಇ ಅಡ್ವಾನ್ಸ್‌ಡ್ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ತಾಂತ್ರಿಕ ಹಾಗೂ ವಿಜ್ಞಾನ ವಿಷಯಗಳಿಗೆ ನೇರವಾಗಿ ಅರ್ಜಿ ಸಲ್ಲಿಸುವುದು.
• 'ಸ್ಟುಡಿಯೆನ್‌ಕೊಲೆಗ್' ಎಂಬ ಪೂರ್ವಸಿದ್ಧತಾ ಕಾಲೇಜಿನಲ್ಲಿ ಸಾಮಾನ್ಯವಾಗಿ ಎರಡು ಸೆಮಿಸ್ಟರ್ ಓದಿ, ಅದರ ಅಂತಿಮ ಅರ್ಹತಾ ಪರೀಕ್ಷೆಯಲ್ಲಿ ಉತ್ತೀರ್ಣರಾಗುವುದು.

ಸ್ಟುಡಿಯೆನ್‌ಕೊಲೆಗ್‌ನಲ್ಲಿ ತಾಂತ್ರಿಕ ವಿಷಯ, ವೈದ್ಯಕೀಯ ಮತ್ತು ಜೀವವಿಜ್ಞಾನ, ಅರ್ಥಶಾಸ್ತ್ರ, ಮಾನವಿಕ ಶಾಸ್ತ್ರ ಮುಂತಾದವುಗಳಿಗೆ ಪ್ರತ್ಯೇಕ ಪಠ್ಯಕ್ರಮಗಳಿವೆ. ಬೋಧನೆ ಬಹುತೇಕ ಜರ್ಮನ್ ಭಾಷೆಯಲ್ಲೇ ನಡೆಯುವುದರಿಂದ ಸೇರುವ ಮೊದಲೇ ಮಧ್ಯಮ ಮಟ್ಟದ ಭಾಷಾಜ್ಞಾನ ಬೇಕು. ಪಿಯುಸಿಯಲ್ಲಿ ಓದಿದ ವಿಷಯಗಳು ಮತ್ತು ಪಡೆದ ಅಂಕಗಳನ್ನು ಅನುಸರಿಸಿ ದಾರಿ ಬದಲಾಗುತ್ತದೆ. ಇದನ್ನು ಜರ್ಮನಿಯ ಅಧಿಕೃತ ದತ್ತಸಂಚಯವಾದ 'ಅನಾಬಿನ್'ನಲ್ಲಿ ನೋಡಿ ತಿಳಿಯಬಹುದು.

ಸ್ನಾತಕೋತ್ತರ ವ್ಯಾಸಂಗಕ್ಕೆ

ಸ್ನಾತಕೋತ್ತರ ಪ್ರವೇಶಕ್ಕೆ ಸಂಬಂಧಿತ ವಿಷಯದಲ್ಲಿ ಪದವಿ ಅಗತ್ಯ. ನಾಲ್ಕು ವರ್ಷಗಳ ಎಂಜಿನಿಯರಿಂಗ್ ಪದವೀಧರರಿಗೆ ಅವಧಿಯ ತೊಡಕು ಸಾಮಾನ್ಯವಾಗಿ ಬರುವುದಿಲ್ಲ. ಮೂರು ವರ್ಷಗಳ ಪದವಿಯಾದರೋ ಎಲ್ಲ ಸಂಸ್ಥೆಗಳಲ್ಲೂ ಒಂದೇ ರೀತಿಯಲ್ಲಿ ಸ್ವೀಕೃತವಾಗುವುದಿಲ್ಲ. ಪದವಿಯಲ್ಲಿ ಓದಿದ ವಿಷಯಗಳು ಆಯ್ದ ವ್ಯಾಸಂಗಕ್ಕೆ ಎಷ್ಟರಮಟ್ಟಿಗೆ ಹೊಂದುತ್ತವೆ ಎಂಬುದನ್ನು ಪಠ್ಯಕ್ರಮದ ವಿವರಗಳಿಂದ ಅಳೆಯಲಾಗುತ್ತದೆ.

ಅಂಕಗಳ ಪರಿವರ್ತನೆ

ಜರ್ಮನಿಯಲ್ಲಿ 1.0 ಅತ್ಯುತ್ತಮ ಶ್ರೇಣಿ, 4.0 ಉತ್ತೀರ್ಣತೆಯ ಕೊನೆಯ ಮಿತಿ. ಭಾರತೀಯ ಅಂಕಗಳನ್ನು 'ಬವೇರಿಯನ್ ಸೂತ್ರ'ದ ಮೂಲಕ ಈ ಶ್ರೇಣಿಗೆ ಪರಿವರ್ತಿಸುವುದು ವಾಡಿಕೆ. ಗರಿಷ್ಠ ಅಂಕದಿಂದ ಪಡೆದ ಅಂಕವನ್ನು ಕಳೆದು, ಬಂದ ಉತ್ತರವನ್ನು ಗರಿಷ್ಠ ಹಾಗೂ ಕನಿಷ್ಠ ಉತ್ತೀರ್ಣಾಂಕಗಳ ಅಂತರದಿಂದ ಭಾಗಿಸಿ, 3ರಿಂದ ಗುಣಿಸಿ, 1ನ್ನು ಕೂಡಿಸಬೇಕು. ಗರಿಷ್ಠ 10, ಕನಿಷ್ಠ 4 ಇರುವ ಪದ್ಧತಿಯಲ್ಲಿ 8 ಪಡೆದವರ ಜರ್ಮನ್ ಶ್ರೇಣಿ 2.0 ಆಗುತ್ತದೆ. ಕನಿಷ್ಠ ಉತ್ತೀರ್ಣಾಂಕವನ್ನು ತಪ್ಪಾಗಿ ನಮೂದಿಸಿದರೆ ಫಲಿತಾಂಶವೂ ತಪ್ಪುತ್ತದೆ. ಆದಕಾರಣ ಅಂಕಪಟ್ಟಿಯ ಹಿಂಬದಿಯಲ್ಲಿರುವ ಶ್ರೇಣಿ ವಿವರಣೆಯನ್ನೂ ಅರ್ಜಿಯೊಂದಿಗೆ ಸೇರಿಸುವುದು ಒಳಿತು.

ಭಾಷೆ

ಪದವಿ ಮಟ್ಟದಲ್ಲಿ ಬೋಧನಾ ಮಾಧ್ಯಮ ಹೆಚ್ಚಾಗಿ ಜರ್ಮನ್. ಸ್ನಾತಕೋತ್ತರ ಮಟ್ಟದಲ್ಲಿ, ವಿಶೇಷವಾಗಿ ಎಂಜಿನಿಯರಿಂಗ್ ಮತ್ತು ವಿಜ್ಞಾನಗಳಲ್ಲಿ, ಇಂಗ್ಲಿಷ್ ಮಾಧ್ಯಮದ ವ್ಯಾಸಂಗಗಳೂ ಸಾಕಷ್ಟಿವೆ. ಅವುಗಳಿಗೆ ಐಇಎಲ್‌ಟಿಎಸ್ ಅಥವಾ ಟೋಫೆಲ್ ಪರೀಕ್ಷೆಯ ಅಂಕಗಳನ್ನು ಕೇಳುವುದು ರೂಢಿ.

ಜರ್ಮನ್ ಭಾಷಾ ಪರೀಕ್ಷೆಗಳು ಎ1ರಿಂದ ಸಿ2ವರೆಗೆ ಆರು ಹಂತಗಳಲ್ಲಿವೆ. ಜರ್ಮನ್ ಮಾಧ್ಯಮದ ವ್ಯಾಸಂಗಕ್ಕೆ ಸಾಮಾನ್ಯವಾಗಿ ಸಿ1 ಮಟ್ಟದ ಜ್ಞಾನ ಬೇಕಾಗುತ್ತದೆ. ಇದಕ್ಕೆ ಟೆಸ್ಟ್‌ಡಾಫ್, ಡಿಎಸ್‌ಎಚ್ ಮುಂತಾದ ಪರೀಕ್ಷೆಗಳು ಪ್ರಮಾಣವೆನಿಸುತ್ತವೆ. ಅಕ್ಷರಾಭ್ಯಾಸದಿಂದ ಈ ಮಟ್ಟವನ್ನು ತಲುಪಲು ಹಲವರಿಗೆ ಒಂದು ವರ್ಷಕ್ಕೂ ಮೀರಿದ ಕಾಲ ಹಿಡಿಯುತ್ತದೆ. ವ್ಯಾಸಂಗ ಇಂಗ್ಲಿಷಿನಲ್ಲೇ ನಡೆದರೂ ಮನೆ ಹುಡುಕುವುದು, ಕಚೇರಿ ವ್ಯವಹಾರ ಮತ್ತು ಮುಂದಿನ ಉದ್ಯೋಗಕ್ಕೆ ಜರ್ಮನ್ ಭಾಷೆಯ ತಿಳಿವಳಿಕೆ ನೆರವಾಗುತ್ತದೆ.

ಅರ್ಜಿಯ ಹಂತಗಳು

ಎಪಿಎಸ್ ಪ್ರಮಾಣಪತ್ರ

ನವದೆಹಲಿಯ ಜರ್ಮನ್ ರಾಯಭಾರ ಕಚೇರಿಗೆ ಸೇರಿದ ಶೈಕ್ಷಣಿಕ ಪರಿಶೀಲನಾ ಕೇಂದ್ರವನ್ನು ಎಪಿಎಸ್ ಎಂದು ಕರೆಯಲಾಗುತ್ತದೆ. 2022ರ ನವೆಂಬರ್ 1ರಿಂದ ಭಾರತೀಯ ಅಭ್ಯರ್ಥಿಗಳ ವಿದ್ಯಾರ್ಥಿ ವೀಸಾಕ್ಕೆ ಈ ಕೇಂದ್ರದ ಪ್ರಮಾಣಪತ್ರ ಕಡ್ಡಾಯವಾಗಿದೆ. ಕೆಲವು ವರ್ಗದವರಿಗೆ ವಿನಾಯಿತಿಯುಂಟು. ಅಂಕಪಟ್ಟಿಗಳು ನೈಜವೇ, ಅವು ಜರ್ಮನಿಯ ವ್ಯಾಸಂಗಕ್ಕೆ ಅರ್ಹತೆ ಒದಗಿಸುತ್ತವೆಯೇ ಎಂಬುದನ್ನು ಕೇಂದ್ರ ಪರಿಶೀಲಿಸುತ್ತದೆ. ಇದರ ಶುಲ್ಕವನ್ನು 18,000 ರೂಪಾಯಿ ಎಂದು ನಿಗದಿಪಡಿಸಲಾಯಿತು. ಅನೇಕ ವಿಶ್ವವಿದ್ಯಾಲಯಗಳು ಅರ್ಜಿಯ ಹಂತದಲ್ಲೇ ಈ ಪತ್ರವನ್ನು ಕೇಳುವುದರಿಂದ ಇದನ್ನು ಎಲ್ಲಕ್ಕಿಂತ ಮೊದಲು ಪಡೆಯಬೇಕಾಗುತ್ತದೆ.

ಅರ್ಜಿ ಸಲ್ಲಿಕೆ

ಜರ್ಮನಿಯಲ್ಲಿ ಎಲ್ಲ ವಿಶ್ವವಿದ್ಯಾಲಯಗಳಿಗೂ ಅನ್ವಯಿಸುವ ಒಂದೇ ಪ್ರವೇಶ ಪರೀಕ್ಷೆಯಾಗಲಿ, ಒಂದೇ ಸೀಟು ಹಂಚಿಕೆಯಾಗಲಿ ಇಲ್ಲ. ಕೆಲವು ಸಂಸ್ಥೆಗಳಿಗೆ ಅವುಗಳ ಜಾಲತಾಣದಲ್ಲೇ ಅರ್ಜಿ ಸಲ್ಲಿಸಬೇಕು. ಇನ್ನು ಕೆಲವಕ್ಕೆ ಬರ್ಲಿನ್‌ನ 'ಯೂನಿ-ಅಸಿಸ್ಟ್' ಸಂಸ್ಥೆಯ ಮೂಲಕ ಸಲ್ಲಿಸಬೇಕು. 2003ರಲ್ಲಿ ಸ್ಥಾಪಿತವಾದ ಈ ಸಂಸ್ಥೆ ದಾಖಲೆಗಳನ್ನು ಪರಿಶೀಲಿಸಿ ವಿಶ್ವವಿದ್ಯಾಲಯಕ್ಕೆ ಕಳುಹಿಸುತ್ತದೆ. ಆಯ್ಕೆಯ ತೀರ್ಮಾನ ವಿಶ್ವವಿದ್ಯಾಲಯದ್ದು. ಒಂದು ಸೆಮಿಸ್ಟರ್‌ನ ಮೊದಲ ಅರ್ಜಿಗೆ 75 ಯೂರೊ, ನಂತರದ ಪ್ರತಿ ಅರ್ಜಿಗೆ 30 ಯೂರೊ ಶುಲ್ಕವಿದೆ.

ಅಕ್ಟೋಬರ್ ಸುಮಾರಿಗೆ ಆರಂಭವಾಗುವ ಚಳಿಗಾಲದ ಸೆಮಿಸ್ಟರ್‌ಗೆ ಜುಲೈ 15, ಬೇಸಿಗೆಯ ಸೆಮಿಸ್ಟರ್‌ಗೆ ಜನವರಿ 15 ರೂಢಿಯ ಕೊನೆಯ ದಿನಗಳು. ಅನೇಕ ಸ್ನಾತಕೋತ್ತರ ವ್ಯಾಸಂಗಗಳ ಗಡುವು ಇದಕ್ಕಿಂತ ತಿಂಗಳುಗಳ ಮೊದಲೇ ಮುಗಿಯುತ್ತದೆ. ಅಂಕಪಟ್ಟಿಗಳು, ಭಾಷಾ ಪ್ರಮಾಣಪತ್ರ, ವ್ಯಕ್ತಿಪರಿಚಯ ಮತ್ತು ಉದ್ದೇಶ ಪತ್ರ ಸಾಮಾನ್ಯವಾಗಿ ಕೇಳುವ ದಾಖಲೆಗಳು. ಕನ್ನಡದಲ್ಲಿ ಮಾತ್ರ ಇರುವ ದಾಖಲೆಗಳಿಗೆ ಅಧಿಕೃತ ಅನುವಾದ ಬೇಕಾಗುತ್ತದೆ. ಸಂಶೋಧನಾ ಪದವಿಗೆ ಹೋಗುವವರು ಹೆಚ್ಚಾಗಿ ಮೊದಲು ಮಾರ್ಗದರ್ಶಕರನ್ನು ಹುಡುಕಿಕೊಳ್ಳಬೇಕು.

ವೀಸಾ

ಪ್ರವೇಶ ಪತ್ರ ಬಂದ ಮೇಲೆ ರಾಷ್ಟ್ರೀಯ ವೀಸಾಕ್ಕೆ ಅರ್ಜಿ ಸಲ್ಲಿಸಬೇಕು. ಕರ್ನಾಟಕದ ನಿವಾಸಿಗಳು 2008ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಜರ್ಮನ್ ಮಹಾ ದೂತಾವಾಸದ ವ್ಯಾಪ್ತಿಗೆ ಬರುತ್ತಾರೆ. ಜರ್ಮನಿ ತಲುಪಿದ ಮೇಲೆ ವಾಸಸ್ಥಳದ ನೋಂದಣಿ ಮತ್ತು ವಾಸದ ಪರವಾನಗಿ ಪಡೆಯುವುದು ಮುಂದಿನ ಹಂತ.

ವೆಚ್ಚ

ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಇದಕ್ಕೆ ಅಪವಾದಗಳಿವೆ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರ ಚಳಿಗಾಲದಿಂದ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಪ್ರತಿ ಸೆಮಿಸ್ಟರ್‌ಗೆ 1,500 ಯೂರೊ ವಿಧಿಸುತ್ತಿದೆ. ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯವೂ 2024ರ ಚಳಿಗಾಲದಿಂದ ಇಂತಹ ಶುಲ್ಕವನ್ನು ಜಾರಿಗೆ ತಂದಿತು. ಖಾಸಗಿ ಸಂಸ್ಥೆಗಳ ಶುಲ್ಕ ಇದಕ್ಕಿಂತ ಬಹಳ ಹೆಚ್ಚಿರಬಹುದು. ಶುಲ್ಕವಿಲ್ಲದ ಕಡೆಯಲ್ಲೂ ಸೆಮಿಸ್ಟರ್ ವಂತಿಗೆ ಕಟ್ಟಬೇಕು.

ಮಧ್ಯಮ ವರ್ಗದ ಕುಟುಂಬಕ್ಕೆ ಹೆಚ್ಚು ಭಾರವಾಗುವುದು 'ನಿರ್ಬಂಧಿತ ಖಾತೆ'. ಒಂದು ವರ್ಷದ ಜೀವನವೆಚ್ಚವನ್ನು ಮುಂಗಡವಾಗಿ ಈ ಖಾತೆಯಲ್ಲಿಟ್ಟು ವೀಸಾಕ್ಕೆ ಆಧಾರವಾಗಿ ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಈ ಮೊತ್ತ 11,904 ಯೂರೊ, ಅಂದರೆ ಹತ್ತು ಲಕ್ಷ ರೂಪಾಯಿಗೂ ಅಧಿಕ. ಹಣ ವಿದ್ಯಾರ್ಥಿಯದೇ ಆಗಿದ್ದರೂ ತಿಂಗಳಿಗೆ 992 ಯೂರೊಗಿಂತ ಹೆಚ್ಚು ತೆಗೆಯಲು ಬರುವುದಿಲ್ಲ. ಪ್ರತಿಷ್ಠಿತ ವಿದ್ಯಾರ್ಥಿವೇತನ ಪಡೆದವರಿಗೆ ಅಥವಾ ಜರ್ಮನಿಯಲ್ಲಿರುವವರು ವಿಧಿವತ್ತಾಗಿ ವೆಚ್ಚದ ಹೊಣೆ ಹೊತ್ತವರಿಗೆ ಈ ಖಾತೆಯ ಅಗತ್ಯ ಬೀಳದಿರಬಹುದು. ಆರೋಗ್ಯ ವಿಮೆಯೂ ಕಡ್ಡಾಯ.

ವ್ಯಾಸಂಗದ ಜೊತೆಗೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ಅನುಮತಿಯಿದೆ. ಈ ಸಂಪಾದನೆಯ ನಿರೀಕ್ಷೆಯನ್ನು ನಿರ್ಬಂಧಿತ ಖಾತೆಗೆ ಬದಲಾಗಿ ತೋರಿಸಲಾಗದು. ಪದವಿ ಪಡೆದ ಮೇಲೆ ಉದ್ಯೋಗ ಹುಡುಕಲು 18 ತಿಂಗಳವರೆಗೆ ಉಳಿಯುವ ಅವಕಾಶವಿದೆ.

ಮಾಹಿತಿ ಮತ್ತು ಮಧ್ಯವರ್ತಿಗಳು

1925ರಲ್ಲಿ ಆರಂಭವಾದ ಡಿಎಎಡಿ, ಅಂದರೆ ಜರ್ಮನ್ ಶೈಕ್ಷಣಿಕ ವಿನಿಮಯ ಸೇವೆ, ವ್ಯಾಸಂಗಗಳ ಹಾಗೂ ವಿದ್ಯಾರ್ಥಿವೇತನಗಳ ವಿವರವನ್ನು ಉಚಿತವಾಗಿ ಒದಗಿಸುತ್ತದೆ. ಖಾಸಗಿ ಸಲಹಾ ಸಂಸ್ಥೆಗಳ ನೆರವು ಪಡೆಯುವುದು ಕಡ್ಡಾಯವಲ್ಲ. ಇಂತಹ ಸಂಸ್ಥೆಗಳಲ್ಲಿ ಕೆಲವು ನಿರ್ದಿಷ್ಟ ಖಾಸಗಿ ವಿದ್ಯಾಲಯಗಳಿಂದ ದಲ್ಲಾಳಿ ಹಣ ಪಡೆಯುವುದರಿಂದ, ಅವು ಸೂಚಿಸುವ ವಿದ್ಯಾಲಯ ಸರ್ಕಾರಿಯೋ ಖಾಸಗಿಯೋ, ಅದರ ಪದವಿಗೆ ಸರ್ಕಾರದ ಮಾನ್ಯತೆ ಇದೆಯೋ ಎಂಬುದನ್ನು ಹಣ ಕಟ್ಟುವ ಮೊದಲೇ ಖಚಿತಪಡಿಸಿಕೊಳ್ಳಬೇಕಾಗುತ್ತದೆ.

ಇವನ್ನೂ ನೋಡಿ

• ಗೊಯ್ಥೆ ಇನ್‌ಸ್ಟಿಟ್ಯೂಟ್
• ಫರ್ಡಿನೆಂಡ್ ಕಿಟ್ಟೆಲ್
• ಜರ್ಮನಿಯ ಶಿಕ್ಷಣ ವ್ಯವಸ್ಥೆ
• ಇಂದಿರಾನಗರ, ಬೆಂಗಳೂರು