ತಿರುಗಣಿಯ ಕೇಂದ್ರ

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಹೊಕ್ಕವರು ಶಿಲಾಬಾಲಿಕೆಯರ ಚೆಲುವಿಗೆ ಮಾರುಹೋಗುವುದು ಸಹಜ. ಆದರೆ ನವರಂಗದ ಕಂಬಗಳ ಮುಂದೆ ನಿಂತು ನೋಡುವವರು ವಿರಳ. ಬಳೆ ತೊಡಿಸಿದಂತೆ ಒಂದರ ಮೇಲೊಂದು ಕುಳಿತ ಆ ಸುತ್ತುಗಳು ಬರಿಯ ಉಳಿಯಿಂದ ಹುಟ್ಟಿದವಲ್ಲ; ಕಲ್ಲನ್ನು ತಿರುಗಿಸಿ ಕಡೆದಂಥವು. ಅದರಿಂದಲೇ ಅವಕ್ಕೆ ತಿರುಗಣಿ ಕಂಬಗಳೆಂಬ ಹೆಸರು. ಅಲ್ಲಿಯ ನರಸಿಂಹ ಕಂಬವು ಒಂದು ಕಾಲಕ್ಕೆ ನಿಂತಲ್ಲಿಯೇ ತಿರುಗುತ್ತಿತ್ತೆಂಬ ಪ್ರತೀತಿಯೂ ಉಂಟು.

ಬೇಲೂರಿನ ದೇವಾಲಯವು ವಿಷ್ಣುವರ್ಧನನ ಕಾಲದ್ದು, ಪ್ರತಿಷ್ಠೆಯಾದುದು 1117ರಲ್ಲಿ. ಇಟಗಿಯ ಮಹಾದೇವ ದೇವಾಲಯವು 1112ರದು. ಹೊಯ್ಸಳರಿಗಿಂತ ಮೊದಲೇ ಕಲ್ಯಾಣದ ಚಾಲುಕ್ಯರ ಶಿಲ್ಪಿಗಳು ಈ ವಿದ್ಯೆಯನ್ನು ಬಲ್ಲವರಾಗಿದ್ದರು. ಅವರಿಗೆ ಮೆದುವಾದ ಬಳಪದ ಕಲ್ಲು ಒದಗಿತ್ತು. ನಮ್ಮ ವಯನಾಡಿನ ಸುಲ್ತಾನ್ ಬತ್ತೇರಿಯ ಜೈನ ಬಸದಿಯದಾದರೋ ಗಟ್ಟಿ ಕಣಶಿಲೆ. ಅದು ಉಳಿಯ ಕೆಲಸಕ್ಕೇ ತಕ್ಕುದು.

ಕಲ್ಲು ಹೋಗಿ ಕಬ್ಬಿಣ ಬಂದರೂ ತಿರುಗಣಿಯು ನಾಡನ್ನು ಬಿಡಲಿಲ್ಲ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಹುಟ್ಟಿ ಲೇತ್‌ಗಳನ್ನು ತಯಾರಿಸಿತು. 1953ರಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸ್ಥಾಪನೆಯಾಯಿತು. 1960ರ ದಶಕದಲ್ಲಿ ಅದರ ಶಾಖೆಯೊಂದು ಕೇರಳದ ಕಳಮಶ್ಶೇರಿಗೂ ಬಂದಿತು. ಹರಿಹರದ ಕಾರ್ಖಾನೆಯು ಈ ಶತಮಾನದ ಆರಂಭದಲ್ಲಿ ಮುಚ್ಚಿತು. ಕಾರ್ಖಾನೆ ಮುಚ್ಚಿದರೆ ಕೈಗಳು ಚದರುತ್ತವೆ, ಕೈಗಳಲ್ಲಿದ್ದ ವಿದ್ಯೆಯೋ?

ಅದು ಇಂದು ಸಣ್ಣ ಸಣ್ಣ ಕೊಠಡಿಗಳಲ್ಲಿ ಉಸಿರಾಡುತ್ತಿದೆ. ಮನೆಯಲ್ಲಿಯೇ ಲೇತ್ ಇಟ್ಟುಕೊಂಡವನು ಹಲ್ಲುಚಕ್ರವನ್ನು ಕೊರೆಯಲು ರೋಟರಿ ಟೇಬಲನ್ನು, ಎಂದರೆ ತಿರುಗುಪೀಠವನ್ನು, ಬಳಸುತ್ತಾನೆ. ಒಳಗಿನ ಚಕ್ರಕ್ಕೆ 90 ಹಲ್ಲುಗಳಿದ್ದರೆ ಹಿಡಿಯ ಒಂದು ಸುತ್ತಿಗೆ ಪೀಠವು 4 ಡಿಗ್ರಿ ತಿರುಗುತ್ತದೆ. ಆದರೆ ವಸ್ತುವನ್ನು ಹಿಡಿಯುವ ಮೂರು ದವಡೆಗಳ ಚಕ್ ಪೀಠದ ಮೇಲೆ ತಾನಾಗಿ ನೆಟ್ಟಗೆ ಕೂರದು. ನಡುವೆ ಒಂದು ತಟ್ಟೆ ಬೇಕು. ತಟ್ಟೆಯ ಕೆಳಗಿನ ಗುಬ್ಬಿಯು ಪೀಠದ ನಡುರಂಧ್ರಕ್ಕೆ ಹೊಂದಬೇಕು. ಮೇಲಿನ ಮೆಟ್ಟಿಲು ಚಕ್ಕಿನ ಬೆನ್ನಿನ ಗುಳಿಗೆ ಹೊಂದಬೇಕು. ಎರಡಕ್ಕೂ ಕೇಂದ್ರ ಒಂದೇ ಆಗಿರಬೇಕು. ಮೊದಲು ಗುಬ್ಬಿಯನ್ನು ಕಡೆದು, ಬಳಿಕ ಅದನ್ನೇ ಹಿಡಿದು, ಡಯಲ್ ಮಾಪಕದಿಂದ ನೆಟ್ಟಗೆ ಮಾಡಿ ಮೆಟ್ಟಿಲನ್ನು ಕಡೆಯುವುದು ಕ್ರಮ.

ಕೊನೆಗೆ ಪರೀಕ್ಷೆ. ಚಕ್ಕಿನಲ್ಲಿ ನೇರವಾದ ಸರಳನ್ನು ಹಿಡಿದು ಪೀಠವನ್ನು ಒಂದು ಸುತ್ತು ತಿರುಗಿಸಿದಾಗ ಮಾಪಕದ ಮುಳ್ಳು ಒಟ್ಟು 0.10 ಮಿ.ಮೀ. ಓಡಾಡಿದರೆ ಕೇಂದ್ರವು ಸರಿದಿರುವುದು ಅದರ ಅರ್ಧ, 0.05 ಮಿ.ಮೀ. ಚಕ್ಕನ್ನು ಅಷ್ಟೇ ಸರಿಸಬೇಕು. ಈ ಅರ್ಧವನ್ನು ಮರೆತವನ ಚಕ್ರದ ಹಲ್ಲುಗಳು ಒಂದು ಕಡೆ ಆಳ, ಇನ್ನೊಂದು ಕಡೆ ಮೇಲು. ಅಂಥ ಚಕ್ರವು ಗದ್ದಲ ಮಾಡುತ್ತ ಬೇಗನೆ ಸವೆಯುತ್ತದೆ.

ಕಂಬ ಕಡೆದ ಶಿಲ್ಪಿಗೂ ಇದೇ ಚಿಂತೆ ಇದ್ದಿರಲೇಬೇಕು. ತರಗತಿಯಲ್ಲಿ ಎರಡು ಜ್ಯಾಗಳಿಗೆ ಲಂಬಾರ್ಧಕಗಳನ್ನೆಳೆದು ವೃತ್ತಕೇಂದ್ರವನ್ನು ಕಂಡುಹಿಡಿಯಲು ನಾವು ಕಲಿಸುತ್ತೇವೆ. ಅದೇ ಪಾಠವನ್ನು ತಗಡಿನ ಬಿಲ್ಲೆಯ ಮೇಲೆ ಮಾಡಿಸಿ, ಕಂಡ ಕೇಂದ್ರದಲ್ಲಿ ಮೊಳೆ ನೆಟ್ಟು ಬಿಲ್ಲೆಯನ್ನು ತಿರುಗಿಸಿ ತೋರಿಸೋಣ. ಅದು ತೊನೆಯದೆ ತಿರುಗಿದರೆ ಮಕ್ಕಳ ಲೆಕ್ಕ ಸರಿ; ತೊನೆದರೆ ಮತ್ತೊಮ್ಮೆ ಎಳೆಯಲಿ. ಚದರಿದ ವಿದ್ಯೆಯನ್ನು ಉಳಿಸಲು ಶಾಲೆಯು ಮಾಡಬಹುದಾದ ಮೊದಲ ಕೆಲಸವಿದು.